ಹಳೆಯ ಕಾಂಕ್ರೀಟ್ ಸೇತುವೆಗಳ ಭೂಕಂಪ ಪರೀಕ್ಷೆ: ಕುಸಿತದ ನೆನಪು ಮತ್ತು ಅದರ ಮಿತಿ

ಪ್ರವೇಶ

ದೊಡ್ಡ ನಿರ್ಮಾಣಗಳನ್ನು ಕುರಿತ ಜಾನಪದ ಕಥನಗಳಲ್ಲಿ ಒಂದು ಆಶಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಟ್ಟಿದ್ದು ನಿಲ್ಲುವುದಿಲ್ಲ, ನಿಂತರೂ ಫಲಿಸುವುದಿಲ್ಲ. ಆಗ ಅದು ಒಂದು ಜೀವವನ್ನು ಬೇಡುತ್ತದೆ ಎಂಬ ಮಾತು ಹುಟ್ಟುತ್ತದೆ. ಕನ್ನಡದ ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕಟ್ಟಿಸಿದ ಕೆರೆಗೆ ನೀರು ಬಾರದಿರಲು ಕಿರಿಯ ಸೊಸೆ ಭಾಗೀರಥಿ ಹಾರವಾಗುತ್ತಾಳೆ. ಗ್ರೀಸಿನ ಆರ್ತಾ ಸೇತುವೆಯ ಲಾವಣಿಯಲ್ಲಿ ಹಗಲು ಕಟ್ಟಿದ್ದು ಇರುಳಿನಲ್ಲಿ ಬೀಳುತ್ತದೆ. ಮೇಸ್ತ್ರಿಯ ಹೆಂಡತಿಯನ್ನು ಬುನಾದಿಯಲ್ಲಿ ಹುದುಗಿಸಿದ ಮೇಲೆಯೇ ಅದು ನಿಲ್ಲುತ್ತದೆ. ಜಪಾನಿನಲ್ಲಿ ಇಂಥ ಬಲಿಗೆ ‘ಹಿತೊಬಾಶಿರ’, ಅಂದರೆ ಮಾನವಕಂಬ ಎಂಬ ಹೆಸರೇ ಇದೆ. ಈ ನಂಬಿಕೆ ಕೇವಲ ಹಾಡಿನಲ್ಲಿ ಉಳಿದಿಲ್ಲ. 2019ರಲ್ಲಿ ಬಾಂಗ್ಲಾದೇಶದ ಪದ್ಮಾ ಸೇತುವೆಗೆ ಮನುಷ್ಯರ ತಲೆಗಳು ಬೇಕಾಗಿವೆ ಎಂಬ ವದಂತಿ ಹಬ್ಬಿ, ಮಕ್ಕಳ ಕಳ್ಳರೆಂಬ ಶಂಕೆಯಿಂದ ನಿರಪರಾಧಿಗಳನ್ನು ಜನರ ಗುಂಪುಗಳು ಹೊಡೆದು ಕೊಂದವು.

ಈ ಕಥನಗಳಿಗೆಲ್ಲ ಸಮಾನವಾದ ಒಂದು ರಚನೆಯಿದೆ. ವಿಫಲತೆಗೆ ಕಾರಣ ಒಂದೇ, ಪರಿಹಾರವೂ ಒಂದೇ; ಪರಿಹಾರ ಸಂದ ಮೇಲೆ ಭಯಕ್ಕೆ ಎಡೆಯಿಲ್ಲ. ಇದು ಶಾಸ್ತ್ರವನ್ನರಿಯದ ಜನರ ಆಲೋಚನೆಯೆಂದು ಬದಿಗೆ ಸರಿಸುವುದು ಸುಲಭ. ಆದರೆ ಭೂಕಂಪಗಳಲ್ಲಿ ಕುಸಿದ ಕಾಂಕ್ರೀಟ್ ಸೇತುವೆಗಳ ಇತಿಹಾಸವನ್ನು ಗಮನಿಸಿದರೆ, ಆಧುನಿಕ ಸಂಸ್ಥೆಗಳೂ ಬಹುಕಾಲ ಇದೇ ಜಾಡಿನಲ್ಲಿ ನಡೆದುದು ಕಂಡುಬರುತ್ತದೆ. ಹಿಂದಿನ ಸಲ ಕಣ್ಣೆದುರು ಮುರಿದ ಭಾಗಕ್ಕೆ ಪರಿಹಾರ ಸಂದಿತು. ಮುರಿಯದೆ ಉಳಿದ ದೌರ್ಬಲ್ಯ ಮುಂದಿನ ಭೂಕಂಪದವರೆಗೆ ಕಾದುಕೊಂಡಿತು. ಹಳೆಯ ಸೇತುವೆಗಳ ಭೂಕಂಪ ಪರೀಕ್ಷೆ ಎಂಬ ಶಾಸ್ತ್ರವು ಈ ಅಭ್ಯಾಸದಿಂದ ಬಿಡಿಸಿಕೊಂಡ ಬಗೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಪರೀಕ್ಷೆಗೆ ಸಮುದಾಯದ ನೆನಪು ಎಷ್ಟರಮಟ್ಟಿಗೆ ಆಕರವಾಗಬಲ್ಲುದು ಎಂಬುದನ್ನು ಕೊನೆಯಲ್ಲಿ ಪರಿಶೀಲಿಸಲಾಗಿದೆ.

‘ಹಳೆಯದು’ ಎಂಬುದರ ಅರ್ಥ

ಇಲ್ಲಿ ‘ಹಳೆಯ ಸೇತುವೆ’ ಎಂದರೆ ಕೇವಲ ವಯಸ್ಸಾದ ಸೇತುವೆಯಲ್ಲ. ಕಾಂಕ್ರೀಟು ತುಕ್ಕಿನಿಂದ, ಉಪ್ಪುಗಾಳಿಯಿಂದ, ಭಾರದ ವಾಹನಗಳಿಂದ ಶಿಥಿಲವಾಗುವುದು ನಿಜ. ಆದರೆ ಭೂಕಂಪದ ದೃಷ್ಟಿಯಿಂದ ಒಂದು ಸೇತುವೆ ಹಳೆಯದಾಗುವುದು ಅದನ್ನು ರೂಪಿಸಿದ ಕಾಲದ ತಿಳಿವಳಿಕೆ ಹಳೆಯದಾದಾಗ. ಬಿರುಕೊಂದೂ ಇಲ್ಲದ, ಚೆನ್ನಾಗಿ ನೋಡಿಕೊಂಡ ಸೇತುವೆಯೂ ಈ ಅರ್ಥದಲ್ಲಿ ಹಳೆಯದಾಗಿರಬಹುದು. ಹೊರಗಿನ ನೋಟದಿಂದ ಇದನ್ನು ಅರಿಯಲಾಗದು ಎಂಬುದೇ ಸಮಸ್ಯೆಯ ತಿರುಳು.

ಕಾಂಕ್ರೀಟು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಆದ್ದರಿಂದ ಎಳೆತ ಬೀಳುವಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸುತ್ತಾರೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಭೂಕಂಪವನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದ ಕ್ರಮ ಸರಳವಾಗಿತ್ತು. ಸೇತುವೆಯ ತೂಕದ ಒಂದು ಸಣ್ಣ ಅಂಶದಷ್ಟು ಬಲ ಅಡ್ಡಲಾಗಿ ತಳ್ಳುತ್ತದೆ ಎಂದು ಭಾವಿಸಿ ಅದಕ್ಕೆ ಸಾಲುವಷ್ಟು ಸರಳುಗಳನ್ನು ಹಾಕುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1940ರ ದಶಕದಿಂದ ಎರಡು ದಶಕಗಳ ಕಾಲ ಈ ಅಂಶ ಬುನಾದಿಯ ಬಗೆಗೆ ಅನುಗುಣವಾಗಿ ನೂರಕ್ಕೆ 2ರಿಂದ 6ರಷ್ಟಿತ್ತು. ನಿಜವಾದ ಭೂಕಂಪದಲ್ಲಿ ಬರುವ ಬಲ ಇದರ ಅನೇಕ ಪಟ್ಟು.

ಅಷ್ಟು ಬಲವನ್ನು ಯಾವ ಕಂಬವೂ ಬಾಗದೆ ತಾಳಬೇಕಾಗಿಲ್ಲ. ಬಾಗಿದರೂ ಮುರಿಯದೆ, ಹಿಂದಕ್ಕೂ ಮುಂದಕ್ಕೂ ಹಲವು ಸಲ ತೂಗಿಯೂ ಮೇಲಿನ ಭಾರವನ್ನು ಹೊತ್ತಿರುವ ಗುಣ ಅದಕ್ಕಿದ್ದರೆ ಸಾಕು. ಈ ತನ್ಯ ಗುಣವನ್ನು ಕಂಬಕ್ಕೆ ಕೊಡುವವು ನೆಟ್ಟ ಸರಳುಗಳ ಸುತ್ತ ಅಡ್ಡಲಾಗಿ ಕಟ್ಟುವ ಉಕ್ಕಿನ ಬಳೆಗಳು. ನಮ್ಮ ಕಟ್ಟಡ ಕೆಲಸಗಾರರ ಮಾತಿನಲ್ಲಿ ‘ರಿಂಗು’ಗಳು. ಗಾಡಿಯ ಚಕ್ರಕ್ಕೆ ಬಿಗಿದ ಕಬ್ಬಿಣದ ಪಟ್ಟಿ ಮರದ ತುಂಡುಗಳು ಬಿಚ್ಚಿಕೊಳ್ಳದಂತೆ ಹಿಡಿದಿಡುವ ಹಾಗೆ, ಈ ರಿಂಗುಗಳು ಬಿರುಕುಬಿಟ್ಟ ಕಾಂಕ್ರೀಟಿನ ತಿರುಳನ್ನು ಚದುರದಂತೆ ಹಿಡಿದಿಡುತ್ತವೆ, ನೆಟ್ಟ ಸರಳುಗಳು ಹೊರಕ್ಕೆ ಉಬ್ಬದಂತೆ ತಡೆಯುತ್ತವೆ. 1971ಕ್ಕೆ ಹಿಂದಿನ ಕ್ಯಾಲಿಫೋರ್ನಿಯಾದ ಕಂಬಗಳಲ್ಲಿ ಕಂಬ ಎಷ್ಟೇ ದಪ್ಪವಿದ್ದರೂ ಸುಮಾರು 13 ಮಿ.ಮೀ. ದಪ್ಪದ ರಿಂಗನ್ನು 300 ಮಿ.ಮೀ.ಗೆ ಒಂದರಂತೆ ಹಾಕುವುದು ವಾಡಿಕೆಯಾಗಿತ್ತು. ನೆಟ್ಟ ಸರಳುಗಳನ್ನು ಬುನಾದಿಯಿಂದ ಮೇಲೆದ್ದ ಸರಳುಗಳೊಡನೆ ಜೋಡಿಸುತ್ತಿದ್ದುದು ಕಂಬದ ಬುಡದಲ್ಲಿಯೇ, ಅಂದರೆ ಬಾಗುವಿಕೆ ಅತ್ಯಧಿಕವಾಗುವ ಜಾಗದಲ್ಲಿ. ನಿತ್ಯದ ಭಾರಕ್ಕೆ ಇವೆಲ್ಲ ಸಾಕಾಗಿದ್ದವು.

ಕುಸಿತಗಳ ಸರಣಿ

1971ರ ಫೆಬ್ರವರಿ 9ರಂದು ಲಾಸ್ ಏಂಜಲೀಸಿನ ಉತ್ತರದಲ್ಲಿ ಸಂಭವಿಸಿದ, 6.6 ಪ್ರಮಾಣದ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ಆಗ ನಿರ್ಮಾಣದಲ್ಲಿದ್ದ ಹೆದ್ದಾರಿ ಸೇತುವೆಗಳೂ ಕುಸಿದವು. ಅಂತರರಾಜ್ಯ ಹೆದ್ದಾರಿ 5 ಮತ್ತು ರಾಜ್ಯಮಾರ್ಗ 14 ಕೂಡುವಲ್ಲಿ ಮೇಲ್ಸೇತುವೆಯ ಅಂಕಣಗಳು ಸಂಧಿಯಲ್ಲಿ ಜಾರಿ ನೆಲಕ್ಕೆ ಬಿದ್ದವು. ತೊಲೆಯ ತುದಿ ಕುಳಿತಿದ್ದ ಅಂಚು ತೀರ ಕಿರಿದಾಗಿತ್ತು. ಅದೇ ಭೂಕಂಪದಲ್ಲಿ ಬೇರೆಡೆ ಕಂಬಗಳೂ ಮುರಿದಿದ್ದವು. ಹೊಸ ಸೇತುವೆಗಳ ನಿಯಮಗಳನ್ನು ಕೂಡಲೇ ಬದಲಾಯಿಸಲಾಯಿತು. ಹಳೆಯವುಗಳ ವಿಷಯದಲ್ಲಿ ಅಗ್ಗವೂ ಶೀಘ್ರವೂ ಆದ ಪರಿಹಾರವನ್ನು ಆರಿಸಿಕೊಳ್ಳಲಾಯಿತು. ತೊಲೆಗಳು ಜಾರಿ ಬೀಳದಂತೆ ಸಂಧಿಗಳನ್ನು ಉಕ್ಕಿನ ಹುರಿಗಳಿಂದ ಕಟ್ಟುವ ಈ ಕಾರ್ಯ 1989ರ ಹೊತ್ತಿಗೆ ಸುಮಾರು 1,260 ಸೇತುವೆಗಳಲ್ಲಿ ಮುಗಿದಿತ್ತು. ಕಂಬಗಳ ಸರದಿ ಇನ್ನೂ ಬಂದಿರಲಿಲ್ಲ.

ಹೀಗೆ ಹುರಿ ಕಟ್ಟಿಸಿಕೊಂಡ ಸೇತುವೆಗಳಲ್ಲಿ ಓಕ್‌ಲ್ಯಾಂಡ್ ನಗರದ ಸೈಪ್ರೆಸ್ ಮೇಲ್ಸೇತುವೆಯೂ ಒಂದು. 1957ರಲ್ಲಿ ಸಂಚಾರಕ್ಕೆ ತೆರೆದ ಎರಡಂತಸ್ತಿನ ಈ ರಸ್ತೆಗೆ 1977ರಲ್ಲಿ ಹುರಿಗಳನ್ನು ಅಳವಡಿಸಲಾಗಿತ್ತು. 1989ರ ಅಕ್ಟೋಬರ್ 17ರ ಸಂಜೆ, 6.9 ಪ್ರಮಾಣದ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಇದರ ಸುಮಾರು ಎರಡು ಕಿಲೋಮೀಟರ್ ಉದ್ದದ ಮೇಲಂತಸ್ತು ಕೆಳಗಿನದರ ಮೇಲೆ ಕುಸಿದು 42 ಜನ ಮೃತರಾದರು. ಮೇಲಂತಸ್ತಿನ ಕಂಬಗಳು ಕೆಳಗಿನ ಚೌಕಟ್ಟನ್ನು ಕೂಡುವ ಗಂಟುಗಳಲ್ಲಿ ಅಡ್ಡ ಸರಳುಗಳು ಸಾಲದೆ ಕಾಂಕ್ರೀಟು ಸೀಳಿಹೋಗಿತ್ತು. ಗಂಟು ಸೀಳಿದ ಮೇಲೆ ಸಂಧಿಗಳ ಹುರಿಗಳಿಗೆ ಹಿಡಿದಿಡಲು ಏನೂ ಉಳಿಯಲಿಲ್ಲ. ಕುಸಿದ ಭಾಗ ಬಹುಮಟ್ಟಿಗೆ ಕೊಲ್ಲಿಯ ಮೆತುಮಣ್ಣಿನ ಮೇಲಿತ್ತು. ಗಟ್ಟಿ ನೆಲದ ಮೇಲಿದ್ದ ಭಾಗ ನಿಂತಿತು ಎಂಬುದೂ ಗಮನಾರ್ಹ. ಮೆತುಮಣ್ಣು ಕೆಳಗಿನ ಶಿಲೆಯ ಅಲುಗಾಟವನ್ನು ಹಲವು ಪಟ್ಟು ಹಿಗ್ಗಿಸುತ್ತದೆ.

1994ರ ಜನವರಿ 17ರಂದು 6.7 ಪ್ರಮಾಣದ ನಾರ್ತ್‌ರಿಜ್ ಭೂಕಂಪ ಸಂಭವಿಸಿತು. 1971ರಲ್ಲಿ ಕುಸಿದಿದ್ದ ಅದೇ ಕೂಡುರಸ್ತೆಯ ಸೇತುವೆಗಳು ಅದೇ ಸ್ಥಳದಲ್ಲಿ ಮತ್ತೆ ಕುಸಿದವು. ಹಳೆಯ ವಿನ್ಯಾಸದ ಆ ಸೇತುವೆಗಳನ್ನು 1971ರ ಬಳಿಕ ಪೂರ್ಣಗೊಳಿಸಲಾಗಿತ್ತು. ಈ ಸಲ ಮೊದಲು ಮುರಿದುದು ಇಳಿಜಾರಿನಲ್ಲಿದ್ದ ಗಿಡ್ಡ ಕಂಬ. ಒಂದೇ ದಪ್ಪದ ಎರಡು ಕಂಬಗಳಲ್ಲಿ ಒಂದರ ಎತ್ತರ ಇನ್ನೊಂದರ ಅರ್ಧವಿದ್ದರೆ ಅದರ ಬಿಗಿತ ಎಂಟು ಪಟ್ಟಾಗುತ್ತದೆ. ಸೇತುವೆ ಅಡ್ಡಲಾಗಿ ಚಲಿಸಿದಾಗ ಬಲದ ಬಹುಪಾಲು ಆ ಗಿಡ್ಡ ಕಂಬದ ಮೇಲೆಯೇ ಬೀಳುತ್ತದೆ. ನೋಟಕ್ಕೆ ಹೆಚ್ಚು ಭದ್ರವೆನಿಸುವ ಕಂಬವೇ ಮೊದಲು ಮುರಿಯುವುದು ಹೀಗೆ. 1989ರ ಬಳಿಕ ಕಂಬಗಳಿಗೆ ಉಕ್ಕಿನ ಕವಚ ತೊಡಿಸಿದ್ದ ಸೇತುವೆಗಳು ಇದೇ ಭೂಕಂಪದಲ್ಲಿ ಗಂಭೀರ ಹಾನಿಯಿಲ್ಲದೆ ಉಳಿದವು.

ಸರಿಯಾಗಿ ಒಂದು ವರ್ಷದ ಅನಂತರ, 1995ರ ಜನವರಿ 17ರಂದು ಜಪಾನಿನ ಕೋಬೆ ಪ್ರದೇಶದಲ್ಲಿ 6,400ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಭೂಕಂಪದಲ್ಲಿ ಹಾನ್‌ಶಿನ್ ಎಕ್ಸ್‌ಪ್ರೆಸ್‌ವೇಯ 635 ಮೀಟರ್ ಉದ್ದದ ಭಾಗ 18 ಒಂಟಿ ಕಂಬಗಳೊಡನೆ ಮಗ್ಗುಲಿಗೆ ಉರುಳಿತು. ಜಪಾನಿನ ಹಳೆಯ ನಿಯಮಗಳು ಕ್ಯಾಲಿಫೋರ್ನಿಯಾಕ್ಕಿಂತ ಬಹಳ ಹೆಚ್ಚಿನ ಅಡ್ಡಬಲವನ್ನು ಲೆಕ್ಕಕ್ಕೆ ಹಿಡಿದಿದ್ದವು. ಆದರೂ ಕಂಬದ ಬುಡದಿಂದ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿ ಮುಖ್ಯ ಸರಳುಗಳ ಒಂದು ಪಾಲನ್ನು ಸಾಕಷ್ಟು ಉದ್ದ ಮುಂದುವರಿಸದೆ ನಿಲ್ಲಿಸಿದ್ದರಿಂದ ಕಂಬಗಳು ಅಲ್ಲಿಯೇ ಮುರಿದವು. ಹೆಚ್ಚಿನ ಬಲಕ್ಕೆ ವಿನ್ಯಾಸಗೊಳಿಸಿದ್ದು ಮಾತ್ರ ರಕ್ಷಣೆಯಾಗದು. ಸರಳುಗಳನ್ನು ಎಲ್ಲಿ ತುಂಡರಿಸಿದೆ, ಎಲ್ಲಿ ಜೋಡಿಸಿದೆ ಎಂಬ ಸಣ್ಣ ವಿವರವೇ ನಿರ್ಣಾಯಕವಾಗುತ್ತದೆ ಎಂಬುದನ್ನು ಕೋಬೆ ತೋರಿಸಿತು.

ಪರೀಕ್ಷೆಯ ಕ್ರಮ

ಮೇಲಿನ ಘಟನೆಗಳನ್ನು ಒಟ್ಟಾಗಿ ನೋಡಿದಾಗ ತೂತುಬಿದ್ದ ಕೊಡದ ಚಿತ್ರ ನೆನಪಾಗುತ್ತದೆ. ಕೊಡದಲ್ಲಿ ನೀರು ನಿಲ್ಲುವುದು ಅತ್ಯಂತ ಕೆಳಗಿನ ತೂತಿನ ಮಟ್ಟದವರೆಗೆ ಮಾತ್ರ. ಅದನ್ನು ಮುಚ್ಚಿದರೆ ನೀರು ಅದರ ಮೇಲಿನ ತೂತಿನವರೆಗೆ ಏರಿ ಅಲ್ಲಿಂದ ಸೋರುತ್ತದೆ. ಸೇತುವೆಯ ಪರೀಕ್ಷೆಯೆಂದರೆ ಎಲ್ಲ ತೂತುಗಳನ್ನೂ ಅವುಗಳ ಎತ್ತರದ ಅನುಕ್ರಮದಲ್ಲಿ ಗುರುತಿಸುವ ಕೆಲಸ. 1990ರ ದಶಕದಲ್ಲಿ ರೂಪುಗೊಂಡು, ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ 2006ರಲ್ಲಿ ಪ್ರಕಟಿಸಿದ ಕೈಪಿಡಿಯಂಥ ಗ್ರಂಥಗಳಲ್ಲಿ ನೆಲೆಗೊಂಡ ಈ ಕ್ರಮವನ್ನು ಐದು ಹಂತಗಳಲ್ಲಿ ಹೇಳಬಹುದು.

ಮೊದಲನೆಯದು ಜರಡಿ ಹಿಡಿಯುವುದು. ಸಾವಿರಾರು ಸೇತುವೆಗಳನ್ನು ಒಮ್ಮೆಗೇ ಕೂಲಂಕಷವಾಗಿ ಪರೀಕ್ಷಿಸಲಾಗದು. ಸ್ಥಳದ ಭೂಕಂಪ ಸಾಧ್ಯತೆ, ರಚನೆಯ ದೌರ್ಬಲ್ಯ, ಸೇತುವೆಯ ಮಹತ್ವ ಎಂಬ ಮೂರನ್ನೂ ಸೇರಿಸಿ ಆದ್ಯತೆಯನ್ನು ನಿರ್ಧರಿಸುತ್ತಾರೆ. ಆಸ್ಪತ್ರೆಗೆ ಹೋಗುವ ಏಕೈಕ ದಾರಿಯಲ್ಲಿರುವ ಸಾಧಾರಣ ಸೇತುವೆ, ಬದಲಿ ದಾರಿಯಿರುವ ದೊಡ್ಡ ಸೇತುವೆಗಿಂತ ಮುಖ್ಯವಾಗಬಹುದು.

ಎರಡನೆಯದು ಇದ್ದುದನ್ನು ಇದ್ದಂತೆ ಅರಿಯುವುದು. ಮೂಲ ನಕ್ಷೆಗಳನ್ನು ಹುಡುಕಿ, ಕಟ್ಟಿದ್ದು ಅವುಗಳಂತೆಯೇ ಇದೆಯೇ ಎಂದು ತಾಳೆನೋಡುತ್ತಾರೆ. ಕಾಂಕ್ರೀಟಿನೊಳಗಿನ ಸರಳುಗಳ ಸ್ಥಾನವನ್ನು ಕಾಂತೀಯ ಉಪಕರಣಗಳಿಂದ ಪತ್ತೆಹಚ್ಚಿ, ಆಯ್ದ ಕಡೆಗಳಲ್ಲಿ ಮೇಲ್ಪದರವನ್ನು ಕೆತ್ತಿ ನೋಡುತ್ತಾರೆ. ಕೊರೆದು ತೆಗೆದ ಕಾಂಕ್ರೀಟಿನ ತುಂಡನ್ನು ಒತ್ತಿ ಅದರ ಬಲವನ್ನು ಅಳೆಯುತ್ತಾರೆ. ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಗುಲಾಬಿ ಬಣ್ಣಕ್ಕೆ ತಿರುಗದ ಪದರದಲ್ಲಿ ಕಾಂಕ್ರೀಟು ತನ್ನ ಕ್ಷಾರಗುಣವನ್ನು ಕಳೆದುಕೊಂಡಿರುತ್ತದೆ. ಅಲ್ಲಿಯ ಸರಳುಗಳಿಗೆ ತುಕ್ಕಿನಿಂದ ರಕ್ಷಣೆಯಿಲ್ಲ.

ಮೂರನೆಯದು ನೆಲದ ಪರೀಕ್ಷೆ. ರಂಧ್ರ ಕೊರೆದು ಮಣ್ಣಿನ ಪದರಗಳನ್ನು ತಿಳಿಯುತ್ತಾರೆ. ಅಲುಗಾಟವನ್ನು ಹಿಗ್ಗಿಸುವ ಮೆತುಮಣ್ಣು ಇದೆಯೇ, ಅಲುಗಾಟದಲ್ಲಿ ದ್ರವದಂತಾಗುವ ನೀರು ತುಂಬಿದ ಸಡಿಲ ಮರಳು ಇದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ನಾಲ್ಕನೆಯದು ಹೋಲಿಕೆ. ಮೇಲೆ ಹೇಳಿದ ಕೈಪಿಡಿಯು ಎರಡು ಮಟ್ಟದ ಭೂಕಂಪಗಳನ್ನು ಪರಿಗಣಿಸುತ್ತದೆ: ಸರಾಸರಿ 100 ವರ್ಷಕ್ಕೊಮ್ಮೆ ನಿರೀಕ್ಷಿಸಬಹುದಾದುದು ಮತ್ತು ಸರಾಸರಿ 1,000 ವರ್ಷಕ್ಕೊಮ್ಮೆ ನಿರೀಕ್ಷಿಸಬಹುದಾದುದು. ಸೇತುವೆಯ ಗಣಿತ ಮಾದರಿಯನ್ನು ಅಡ್ಡಲಾಗಿ ಹಂತಹಂತವಾಗಿ ತಳ್ಳುತ್ತ ಹೋದರೆ ಯಾವ ಭಾಗ ಮೊದಲು ಬಾಗುತ್ತದೆ, ಯಾವುದು ಮೊದಲು ಸೀಳುತ್ತದೆ ಎಂಬ ಅನುಕ್ರಮ ದೊರೆಯುತ್ತದೆ. ಮುಖ್ಯ ಪ್ರಶ್ನೆ ಇದು: ಕಂಬ ಬಾಗುವ ಮೊದಲೇ ಓರೆಯಾಗಿ ಸೀಳಿಹೋಗುವುದೇ? ಬಾಗುವಿಕೆ ಮುನ್ಸೂಚನೆ ಕೊಡುತ್ತದೆ, ಭಾರವನ್ನು ಹೊತ್ತುಕೊಂಡೇ ಇರುತ್ತದೆ. ಸೀಳು ಹಠಾತ್ತಾಗಿ ಬರುತ್ತದೆ. ಸರಳುಗಳ ಜೋಡಣೆ, ಗಂಟುಗಳು, ಬುನಾದಿ, ತೊಲೆ ಕುಳಿತ ಅಂಚಿನ ಅಗಲ ಇವೆಲ್ಲಕ್ಕೂ ಇದೇ ಬಗೆಯ ಲೆಕ್ಕವನ್ನು ಮಾಡಬೇಕು. ಒಂದನ್ನೂ ಬಿಡುವಂತಿಲ್ಲ.

ಐದನೆಯದು ನಿರ್ಧಾರ. ಹಾಗೆಯೇ ಉಳಿಸುವುದು, ಬಲಪಡಿಸುವುದು, ಕೆಡವಿ ಕಟ್ಟುವುದು ಎಂಬ ಮೂರು ದಾರಿಗಳಿವೆ. ಬಲಪಡಿಸಲು ಸಂಧಿಗಳಿಗೆ ಹುರಿ ಕಟ್ಟುತ್ತಾರೆ, ಅಂಚನ್ನು ಅಗಲಿಸುತ್ತಾರೆ, ಕಂಬಗಳಿಗೆ ಉಕ್ಕಿನ ಅಥವಾ ನಾರಿನ ಕವಚ ತೊಡಿಸುತ್ತಾರೆ, ಬುನಾದಿಯನ್ನು ಹಿಗ್ಗಿಸುತ್ತಾರೆ, ಅಲುಗಾಟವನ್ನು ಹೀರುವ ಬೇರಿಂಗುಗಳನ್ನು ಕೂರಿಸುತ್ತಾರೆ. ಒಂದನ್ನು ಬಲಪಡಿಸಿದಾಗ ಬಲವು ಅದರಾಚೆಯ ಭಾಗಕ್ಕೆ ಹರಿಯುತ್ತದೆ. ಕವಚ ತೊಟ್ಟ ಕಂಬ ತನ್ನ ದುರ್ಬಲ ಬುನಾದಿಯನ್ನೇ ಮುರಿಯಬಹುದು. ಆದುದರಿಂದ ಪರಿಹಾರದ ಬಳಿಕ ಇಡೀ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.

ಭಾರತದ ಸಂದರ್ಭ

ಕಂಡ ಪೆಟ್ಟಿಗೆ ಮಾತ್ರ ಮದ್ದು ಹಚ್ಚುವ ಪ್ರವೃತ್ತಿ ನಮ್ಮ ದೇಶದ ಭೂಕಂಪ ವಲಯ ನಕ್ಷೆಗಳ ಇತಿಹಾಸದಲ್ಲಿಯೂ ಕಾಣುತ್ತದೆ. ಭಾರತೀಯ ಮಾನಕ 1893 ಮೊದಲು ಪ್ರಕಟವಾದುದು 1962ರಲ್ಲಿ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಭೂಕಂಪವಾದಾಗ ಆ ಪ್ರದೇಶ ಅತ್ಯಲ್ಪ ಅಪಾಯದ ವಲಯದಲ್ಲಿತ್ತು; 1970ರ ಪರಿಷ್ಕರಣದಲ್ಲಿ ಅದನ್ನು ಮೇಲಿನ ವಲಯಕ್ಕೆ ಏರಿಸಲಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ ಹಾಗೂ ಕಲಬುರಗಿ ಜಿಲ್ಲೆಗಳಿಗೆ ಸಮೀಪದ ಕಿಲ್ಲಾರಿಯಲ್ಲಿ ನೆಲ ನಡುಗಿ ಸಾವಿರಾರು ಜನ ಮಡಿದಾಗಲೂ ಆ ಪ್ರದೇಶ ನಕ್ಷೆಯ ಅತಿ ಕೆಳಗಿನ ವಲಯದಲ್ಲಿಯೇ ಇತ್ತು. 2002ರ ಪರಿಷ್ಕರಣದಲ್ಲಿ ಒಂದನೆಯ ವಲಯವನ್ನು ಕೈಬಿಟ್ಟು, ಕರ್ನಾಟಕದ ಭೂಭಾಗವನ್ನು ಎರಡನೆಯ ಮತ್ತು ಮೂರನೆಯ ವಲಯಗಳಲ್ಲಿ ಸೇರಿಸಲಾಯಿತು. ಅದಕ್ಕೆ ಮೊದಲು ಕಟ್ಟಿದ ಸೇತುವೆಗಳು ತಮ್ಮ ಕಾಲದ ನಕ್ಷೆಗೆ ವಿಧೇಯವಾಗಿವೆ.

2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಚ್ಛಕ್ಕೆ ಹೋಗುವ ಮುಖ್ಯ ಹೆದ್ದಾರಿಯ ಸೂರಜ್‌ಬಾರಿ ಸೇತುವೆ ಹಾನಿಗೊಂಡು, ನೆರವು ಅತ್ಯಗತ್ಯವಾಗಿದ್ದ ಹೊತ್ತಿನಲ್ಲಿಯೇ ಸಂಚಾರಕ್ಕೆ ಅಡಚಣೆಯಾಯಿತು. ಸೇತುವೆ ನೆಲಕ್ಕೆ ಬೀಳದಿದ್ದರೂ ಬಳಕೆಗೆ ಒದಗದಿದ್ದರೆ ಅದರ ಫಲ ಜನರ ಪ್ರಾಣವನ್ನೇ ತಟ್ಟುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 2018ರಲ್ಲಿ ರಸ್ತೆ ಸೇತುವೆಗಳ ಭೂಕಂಪ ವಿನ್ಯಾಸಕ್ಕಾಗಿಯೇ ಪ್ರತ್ಯೇಕ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದು ಮುಖ್ಯವಾಗಿ ಹೊಸ ಸೇತುವೆಗಳಿಗೆ ದಾರಿ ತೋರುತ್ತದೆ. ನಾವು ನಿತ್ಯ ದಾಟುವವು ಬಹುಮಟ್ಟಿಗೆ ಹಳೆಯವು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುದು ಭೂಕಂಪದಿಂದಲ್ಲ. ಸುಮಾರು ನಾಲ್ಕು ದಶಕ ನಿಂತಿದ್ದುದು ನಾಳೆಯೂ ನಿಲ್ಲುತ್ತದೆ ಎಂಬ ಊಹೆ ಆಧಾರವಿಲ್ಲದ್ದು ಎಂಬುದನ್ನು ಮಾತ್ರ ಅದು ನೆಲದ ಅಲುಗಾಟವಿಲ್ಲದೆಯೇ ತಿಳಿಸಿತು.

ಸಮುದಾಯದ ನೆನಪು ಆಕರವಾಗಿ

ಈ ಪರೀಕ್ಷೆಯಲ್ಲಿ ಜಾನಪದ ಅಧ್ಯಯನಕ್ಕೆ ಒಂದು ಮಿತವಾದ, ಆದರೆ ನಿಜವಾದ ಪಾತ್ರವಿದೆ. ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ ಪರೀಕ್ಷಕರನ್ನು ಹೆಚ್ಚಾಗಿ ಕಾಡುವುದು ದಾಖಲೆಯ ಕೊರತೆ. ಮೂಲ ನಕ್ಷೆ ಕಳೆದುಹೋಗಿರಬಹುದು, ನಕ್ಷೆಗೂ ಕಟ್ಟಿದ್ದಕ್ಕೂ ವ್ಯತ್ಯಾಸವಿರಬಹುದು. ಬುನಾದಿ ತೋಡಿದವರು, ಕಂಬಿ ಕಟ್ಟಿದವರು, ಕಾಂಕ್ರೀಟು ಹೊತ್ತು ಸುರಿದವರು ಹಲವೆಡೆ ಸುತ್ತಲಿನ ಊರುಗಳಲ್ಲಿಯೇ ಇರುತ್ತಾರೆ. ಯಾವ ಕಂಬದ ಬುಡದಲ್ಲಿ ಬಂಡೆ ಸಿಕ್ಕಿತು, ಎಲ್ಲಿ ಕೆಸರು ಮುಗಿಯಲೇ ಇಲ್ಲ, ಯಾವ ಮಳೆಗಾಲದಲ್ಲಿ ಕೆಲಸ ನಿಂತು ಮತ್ತೆ ಮೊದಲಾಯಿತು ಎಂಬ ವಿವರಗಳನ್ನು ಅವರ ಮೌಖಿಕ ಚರಿತ್ರೆಯಿಂದ ಪಡೆಯಬಹುದು. ಆ ತಲೆಮಾರು ಮರೆಯಾಗುವ ಮೊದಲೇ ಈ ಸಂಗ್ರಹಕಾರ್ಯ ನಡೆಯಬೇಕು.

ನೆಲದ ವಿಷಯದಲ್ಲಿ ಸ್ಥಳನಾಮಗಳೂ ಸಾಕ್ಷಿ ನುಡಿಯುತ್ತವೆ. ಕೆರೆ, ಕಟ್ಟೆ, ಹಳ್ಳ, ಕೆಸರು ಎಂಬ ಪದಗಳು ಹೆಸರಿನಲ್ಲಿ ಉಳಿದು ನೆಲದ ಮೇಲೆ ಅಳಿಸಿಹೋಗಿರುವ ಊರುಗಳು ನಮ್ಮಲ್ಲಿ ಬಹಳ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಓಕ್‌ಲ್ಯಾಂಡಿನಲ್ಲಿ ನಿಂತ ಭಾಗಕ್ಕೂ ಬಿದ್ದ ಭಾಗಕ್ಕೂ ಇದ್ದ ವ್ಯತ್ಯಾಸದಲ್ಲಿ ಮಣ್ಣಿನ ಪಾತ್ರ ದೊಡ್ಡದಾಗಿತ್ತೆಂಬುದನ್ನು ನೆನೆದರೆ ಇಂಥ ಹೆಸರುಗಳ ಬೆಲೆ ತಿಳಿಯುತ್ತದೆ. ನೆನಪು ಕೊರೆಯಬೇಕಾದ ಜಾಗವನ್ನು ತೋರಿಸಬಹುದು. ಕೊರೆದು ನೋಡುವುದಕ್ಕೆ ಅದು ಬದಲಿಯಾಗದು. ನೆನಪು ತಪ್ಪಬಹುದು, ಒಂದು ಕಾರಣಕ್ಕೆ ಎಲ್ಲವನ್ನೂ ಕಟ್ಟಿಹಾಕಬಹುದು. ಪಾಠಾಂತರಗಳನ್ನು ಹೋಲಿಸಿ ತೀರ್ಮಾನಕ್ಕೆ ಬರುವ ನಮ್ಮ ಶಿಸ್ತು ಇಲ್ಲಿಯೂ ಅನ್ವಯವಾಗಬೇಕು.

ಸಮಾರೋಪ

ಸೈಪ್ರೆಸ್ ಮೇಲ್ಸೇತುವೆ ಪಶ್ಚಿಮ ಓಕ್‌ಲ್ಯಾಂಡಿನ, ಬಹುಮಟ್ಟಿಗೆ ಕಪ್ಪು ಜನರ ವಸತಿಯ ನಡುವೆ ಹಾದು ಆ ನೆರೆಹೊರೆಯನ್ನು ಇಬ್ಭಾಗವಾಗಿಸಿತ್ತು. ಅದು ಕುಸಿದ ಸಂಜೆ ಮೊದಲು ಏಣಿ ಹಿಡಿದು ಮೇಲೇರಿ ಸಿಕ್ಕಿಕೊಂಡವರನ್ನು ಇಳಿಸಿದವರು ಅಲ್ಲಿಯ ನಿವಾಸಿಗಳು ಮತ್ತು ಹತ್ತಿರದ ಕಾರ್ಖಾನೆಗಳ ಕೆಲಸಗಾರರು. ಅದೇ ಜಾಗದಲ್ಲಿ ಮತ್ತೆ ಹೆದ್ದಾರಿ ಬೇಡವೆಂದು ಅವರು ಪಟ್ಟುಹಿಡಿದುದರಿಂದ ಹೊಸ ದಾರಿ ಬೇರೆಡೆ ಸಾಗಿತು. ಹಳೆಯ ಜಾಡು ಇಂದು ಮಂಡೇಲಾ ಪಾರ್ಕ್‌ವೇ ಎಂಬ ಸಾಲುಮರದ ರಸ್ತೆಯಾಗಿದೆ, ಅಲ್ಲಿ ಒಂದು ಸ್ಮಾರಕ ಉದ್ಯಾನವಿದೆ. ಸೇತುವೆಯ ಪರೀಕ್ಷೆ ತಜ್ಞರ ಲೆಕ್ಕದಲ್ಲಿ ನಡೆದರೂ ಅದರ ತಪ್ಪಿನ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಆ ಜಾಗ ಹೇಳುತ್ತದೆ.

‘ಕೆರೆಗೆ ಹಾರ’ದ ಕಥೆ ಕೆರೆ ತುಂಬುವುದರೊಡನೆ ಮುಗಿಯುವುದಿಲ್ಲ. ದಂಡಿನಿಂದ ಬಂದ ಗಂಡ ಹೆಂಡತಿಯನ್ನು ಅರಸಿ, ಸಂಗತಿ ತಿಳಿದು, ತಾನೂ ಅದೇ ಕೆರೆಗೆ ಹಾರುತ್ತಾನೆ. ಒಂದು ಜೀವ ಕೊಟ್ಟು ಮುಗಿಯಿತೆಂದು ಹಿರಿಯರು ಬಗೆದ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 1971ರ ಕುಸಿತದ ಬಳಿಕ ಸಂಧಿಗಳನ್ನು ಕಟ್ಟಿದವರ ಲೆಕ್ಕವೂ ಮುಗಿದಿರಲಿಲ್ಲವೆಂಬುದು 1989ರಲ್ಲಿ ತಿಳಿಯಿತು. ನಮ್ಮ ರಾಜ್ಯದ ಹಳೆಯ ಸೇತುವೆಗಳ ಪಟ್ಟಿ, ಅವುಗಳ ನಕ್ಷೆ, ನೆಲದ ವಿವರ ಹಾಗೂ ಕಟ್ಟಿದವರ ನೆನಪುಗಳನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಎಂಜಿನಿಯರಿಂಗ್ ವಿಭಾಗಗಳೂ ಜಾನಪದ ವಿಭಾಗಗಳೂ ಜೊತೆಗೂಡುವುದು ಅಗತ್ಯವಾಗಿದೆ. ಅದಕ್ಕೆ ಮುಂದಿನ ಕುಸಿತ ಪ್ರೇರಣೆಯಾಗಬಾರದು.